ಕೆಮಿಸ್ಟ್ರಿ ಲ್ಯಾಬ್ ಥಿಯರಿ ಜೊತೆಗೇ ತಗೋಬೇಕಾ, ಆಮೇಲೆ ತಗೊಂಡ್ರೂ ನಡೆಯುತ್ತಾ?

ಅಮೆರಿಕದ ಕಾಲೇಜಲ್ಲಿ ಡಿಗ್ರಿ ಓದೋ ನಮ್ಮ ಹುಡುಗ ಹುಡುಗಿಯರು ಪ್ರತಿ ಸಲ ರಿಜಿಸ್ಟ್ರೇಷನ್ ಟೈಮ್ ಬಂದಾಗ ನನ್ನನ್ನ ಕೇಳೋದು ಹೆಚ್ಚುಕಮ್ಮಿ ಇದೇ ಪ್ರಶ್ನೆ. ಥಿಯರಿಗೆ ಒಂದು ಕೋರ್ಸ್ ನಂಬರ್ ಇದೆ, ಲ್ಯಾಬಿಗೆ ಇನ್ನೊಂದು ನಂಬರ್ ಇದೆ, ಎರಡನ್ನೂ ಒಂದೇ ಸೆಮಿಸ್ಟರಲ್ಲಿ ತಗೊಳ್ಳೋದಾ ಇಲ್ಲ ಈಗ ಥಿಯರಿ ಮುಗಿಸ್ಕೊಂಡು ಲ್ಯಾಬನ್ನ ಮುಂದಕ್ಕೆ ಹಾಕೋದಾ ಅಂತ. ನಾನು ಇಲ್ಲೇ ಕೆಮಿಸ್ಟ್ರಿ ಡಿಗ್ರಿ ಮಾಡಿ ಆಮೇಲೆ ಗ್ರಾಡ್ ಸ್ಕೂಲಲ್ಲಿ ನಾಲ್ಕು ವರ್ಷ ಟಿಎ (ಟೀಚಿಂಗ್ ಅಸಿಸ್ಟೆಂಟ್) ಆಗಿ ಜನರಲ್ ಕೆಮಿಸ್ಟ್ರಿ ಲ್ಯಾಬು ಆರ್ಗ್ಯಾನಿಕ್ ಕೆಮಿಸ್ಟ್ರಿ ಲ್ಯಾಬು ಎರಡನ್ನೂ ನಡೆಸಿದೀನಿ, ಹಾಗಾಗಿ ಬೆಂಚಿನ ಎರಡೂ ಕಡೆ ನಿಂತು ನೋಡಿದ್ದನ್ನ ಇಟ್ಕೊಂಡು ಹೇಳ್ತಿದೀನಿ.

ನನ್ನ ಉತ್ತರ ಮೊದಲೇ ಹೇಳ್ಬಿಡ್ತೀನಿ. ಜನರಲ್ ಕೆಮಿಸ್ಟ್ರಿ ಆದ್ರೆ ಲ್ಯಾಬ್ ಥಿಯರಿ ಜೊತೆಗೇ ತಗೊಳ್ಳಿ. ಆರ್ಗ್ಯಾನಿಕ್ ಆದ್ರೆ ಒಂದು ಸೆಮಿಸ್ಟರ್ ತಡ ಮಾಡಿದ್ರೆ ತಪ್ಪೇನಿಲ್ಲ, ಕೆಲವರಿಗೆ ಅದೇ ಒಳ್ಳೇದು. ಒಂದು ಸೆಮಿಸ್ಟರಿಗಿಂತ ಜಾಸ್ತಿ ತಡ ಮಾತ್ರ ಯಾವ ಲ್ಯಾಬಿಗೂ ಬೇಡ. ಯಾಕೆ ಅಂತ ಮುಂದೆ ಬರೀತೀನಿ, ಯಾಕಂದ್ರೆ ನಿಮ್ಮ ಪರಿಸ್ಥಿತಿ ಬೇರೆ ಇದ್ರೆ ಕಾರಣ ಗೊತ್ತಿದ್ರೆ ಮಾತ್ರ ನೀವೇ ಲೆಕ್ಕ ಹಾಕ್ಕೋಬಹುದು.

ಮೊದಲು ನಿಮಗೆ ಆಯ್ಕೆ ಇದೆಯಾ ಅಂತ ನೋಡ್ಕೊಳ್ಳಿ. ಕೆಲವು ಕಾಲೇಜಲ್ಲಿ ಥಿಯರಿ ಲ್ಯಾಬ್ ಎರಡೂ ಸೇರಿ 4 ಕ್ರೆಡಿಟಿನ ಒಂದೇ ಕೋರ್ಸ್, ಅಲ್ಲಿ ಈ ಪ್ರಶ್ನೆನೇ ಹುಟ್ಟಲ್ಲ. ಬೇರೆ ಬೇರೆ ಇದ್ದಲ್ಲಿ ಕ್ಯಾಟಲಾಗ್ ತೆಗೆದು ಲ್ಯಾಬ್ ಕೋರ್ಸಿನ ಕೆಳಗೆ ಏನು ಬರೆದಿದಾರೆ ಅಂತ ಪದಪದ ಓದಿ. ಥಿಯರಿ ಬರೀ ಕೋರಿಕ್ವಿಸಿಟ್ ಅಂತಿದ್ರೆ ಎರಡನ್ನೂ ಒಟ್ಟಿಗೇ ತಗೋಬೇಕು, ಎಷ್ಟೋ ಕಡೆ ಥಿಯರಿ ಡ್ರಾಪ್ ಮಾಡಿದ್ರೆ ಲ್ಯಾಬೂ ಜೊತೆಗೇ ಹೋಗುತ್ತೆ. ಪ್ರಿರಿಕ್ವಿಸಿಟ್ ಅಂತಿದ್ರೆ ಥಿಯರಿ ಪಾಸಾದ ಮೇಲೇನೇ ಲ್ಯಾಬ್. ಪ್ರಿರಿಕ್ವಿಸಿಟ್ ಅಥವಾ ಕೋರಿಕ್ವಿಸಿಟ್ ಅಂತ ಎರಡೂ ಬರೆದಿದ್ರೆ ಆಗ ಮಾತ್ರ ಆಯ್ಕೆ ನಿಮ್ಮ ಕೈಲಿದೆ. ಇನ್ನೊಂದನ್ನ ಜನ ನೋಡೋದೇ ಇಲ್ಲ, ಅದು ಮುಂದಿನ ಕೋರ್ಸಿನ ಕಂಡೀಷನ್. ಆರ್ಗ್ಯಾನಿಕ್ 1 ಥಿಯರಿಗೆ ಜನರಲ್ ಕೆಮಿಸ್ಟ್ರಿ 2ರ ಲ್ಯಾಬೂ ಮುಗಿದಿರ್ಬೇಕು ಅಂತ ಇಟ್ಟಿರೋ ಕಾಲೇಜುಗಳಿವೆ, ಅಲ್ಲಿ ಲ್ಯಾಬ್ ಒಂದು ಸೆಮಿಸ್ಟರ್ ಮುಂದೆ ಹಾಕಿದ್ರೆ ಆರ್ಗ್ಯಾನಿಕ್ ಒಂದು ವರ್ಷ ಮುಂದೆ ಹೋಗೋ ಚಾನ್ಸ್ ಇದೆ, ಯಾಕಂದ್ರೆ ಸಣ್ಣ ಕಾಲೇಜುಗಳಲ್ಲಿ ಆರ್ಗ್ಯಾನಿಕ್ 1 ಫಾಲ್‌ನಲ್ಲಿ, ಅಂದ್ರೆ ಆಗಸ್ಟ್ ಹೊತ್ತಿಗೆ ಶುರುವಾಗೋ ಸೆಮಿಸ್ಟರಲ್ಲಿ ಮಾತ್ರ ಇಡ್ತಾರೆ.

ಆ 1 ಕ್ರೆಡಿಟ್ ಅನ್ನೋ ಲೆಕ್ಕಾನ ನಂಬ್ಬೇಡಿ

ಪ್ಲಾನ್ ಮಾಡೋವಾಗ ಆಗೋ ದೊಡ್ಡ ತಪ್ಪು ಇದೇ. ಥಿಯರಿ 3 ಕ್ರೆಡಿಟ್, ಲ್ಯಾಬ್ 1 ಕ್ರೆಡಿಟ್, ಹಾಗಾಗಿ ಲ್ಯಾಬ್ ಅಂದ್ರೆ ಥಿಯರಿಯ ಮೂರನೇ ಒಂದು ಭಾಗ ಕೆಲಸ ಅಂದ್ಕೊಳ್ತಾರೆ. ವಾರಕ್ಕೊಂದು ಸಲ ಲ್ಯಾಬಲ್ಲಿ ನಿಲ್ಲೋದೇ 3 ಗಂಟೆ, ಆರ್ಗ್ಯಾನಿಕ್ ಆದ್ರೆ ಕೆಲವು ಕಡೆ 4 ಗಂಟೆ. ಅದಕ್ಕೆ ಮುಂಚೆ ಪ್ರೀಲ್ಯಾಬ್ ಬರೀಬೇಕು, ಎಕ್ಸ್‌ಪೆರಿಮೆಂಟಿನ ಸ್ಟೆಪ್ಸ್, ಯಾವ ಕೆಮಿಕಲ್ ಎಷ್ಟು ಗ್ರಾಂ ಎಷ್ಟು ಮೋಲ್, ಯಾವುದು ಸುಡುತ್ತೆ ಯಾವುದು ಉರಿ ಹತ್ತುತ್ತೆ ಎಲ್ಲ ನೋಟ್‌ಬುಕ್ಕಲ್ಲಿ ಪೆನ್ನಲ್ಲಿ, ಒಂದು ಗಂಟೆ ಅಲ್ಲೇ ಹೋಯ್ತು. ಆಮೇಲೆ ರಿಪೋರ್ಟು, ಅದು ಮೊದಮೊದಲು 3ರಿಂದ 4 ಗಂಟೆ ತಿನ್ನುತ್ತೆ. ಎಲ್ಲ ಕೂಡಿದ್ರೆ ವಾರಕ್ಕೆ 7ರಿಂದ 9 ಗಂಟೆ ಆಯ್ತು, ಅದು ಒಂದು 3 ಕ್ರೆಡಿಟ್ ಕೋರ್ಸಿನ ಕೆಲಸ. ನಾನು ಎರಡನೇ ವರ್ಷದ ಸ್ಪ್ರಿಂಗಲ್ಲಿ (ಜನವರಿಗೆ ಶುರುವಾಗೋ ಸೆಮಿಸ್ಟರ್) ಆರ್ಗ್ಯಾನಿಕ್ 2, ಫಿಸಿಕ್ಸ್, ಬಯಾಲಜಿ ಮೂರಕ್ಕೂ ಲ್ಯಾಬ್ ಒಟ್ಟಿಗೆ ಹಾಕ್ಕೊಂಡೆ, ಶೀಟಲ್ಲಿ ನೋಡಿದ್ರೆ 16 ಕ್ರೆಡಿಟ್, ಎಲ್ಲರೂ ತಗೊಳ್ಳೋವಷ್ಟೇ. ವಾರದಲ್ಲಿ ಮೂರು ರಿಪೋರ್ಟ್ ಬರೀತಾ ಬರೀತಾ ಥಿಯರಿ ಪ್ರಾಬ್ಲಂ ಸೆಟ್ ಮಾಡೋಕೆ ಟೈಮೇ ಸಿಗ್ಲಿಲ್ಲ, ಮೂರು ಲ್ಯಾಬಲ್ಲೂ ಎ ಬಂತು, ಮೂರು ಥಿಯರಿಯಲ್ಲೂ ಗ್ರೇಡ್ ಇಳೀತು. ಲ್ಯಾಬಿನ ಎ ಒಂದೊಂದು ಕ್ರೆಡಿಟ್, ಥಿಯರಿಯ ಬಿ ಮೂರ್ಮೂರು ಕ್ರೆಡಿಟ್. ಆ ಬೇಜಾರು ಇನ್ನೂ ನೆನಪಿದೆ, ಅದಕ್ಕೇ ಒಂದು ಸೆಮಿಸ್ಟರಿಗೆ ಎರಡು ಲ್ಯಾಬ್ ದಾಟಬೇಡಿ ಅಂತ ಎಲ್ಲರಿಗೂ ಹೇಳ್ತೀನಿ.

ಜನರಲ್ ಕೆಮಿಸ್ಟ್ರಿ: ಒಟ್ಟಿಗೇ ಇರ್ಲಿ

ಇಲ್ಲಿ ನನಗೆ ಅನುಮಾನ ಇಲ್ಲ. ಜನರಲ್ ಕೆಮಿಸ್ಟ್ರಿಯ ಲ್ಯಾಬ್ ಥಿಯರಿ ಪಕ್ಕದಲ್ಲೇ ಹೆಜ್ಜೆ ಹಾಕುತ್ತೆ. ಕ್ಲಾಸಲ್ಲಿ ಸ್ಟಾಯ್ಕಿಯೋಮೆಟ್ರಿ (ಯಾವುದು ಎಷ್ಟು ಸೇರಿದ್ರೆ ಎಷ್ಟು ಬರುತ್ತೆ ಅನ್ನೋ ಲೆಕ್ಕ) ನಡೀವಾಗ ಲ್ಯಾಬಲ್ಲಿ ತಳಕ್ಕೆ ಬಿದ್ದ ಪುಡಿ, ಅಂದ್ರೆ ಪ್ರೆಸಿಪಿಟೇಟ್ ತೂಕ ಹಾಕ್ತಿರ್ತೀರಿ, ಎಂಥಾಲ್ಪಿ (ರಿಯಾಕ್ಷನ್ನಿನ ಶಾಖದ ಲೆಕ್ಕ) ನಡೀವಾಗ ಎರಡು ಥರ್ಮೋಕೋಲ್ ಕಪ್ ಒಂದರೊಳಗೊಂದು ಇಟ್ಟು ಥರ್ಮಾಮೀಟರ್ ಹಿಡ್ಕೊಂಡಿರ್ತೀರಿ. ಲೆಕ್ಕಗಳೂ ಅವೇ, ಹಾಗಾಗಿ ರಿಪೋರ್ಟ್ ಬರೆದ್ರೆ ಅರ್ಧ ಹೋಂವರ್ಕ್ ಮಾಡಿದ ಹಾಗೆ.

ಟೈಟ್ರೇಷನ್ನೇ ತಗೊಳ್ಳಿ, ಅಂದ್ರೆ ಆಸಿಡ್ಡಿಗೆ ಬೇಸ್ ಹನಿ ಹನಿ ಹಾಕಿ ಅದರ ಪ್ರಮಾಣ ಅಳೆಯೋದು. ಅಸಿಟಿಕ್ ಆಸಿಡ್ ಫ್ಲಾಸ್ಕಲ್ಲಿದೆ, ಬ್ಯುರೆಟಲ್ಲಿ ಸೋಡಿಯಂ ಹೈಡ್ರಾಕ್ಸೈಡ್, ಎರಡು ಹನಿ ಫಿನಾಲ್ಫ್ಥಲೀನ್ (ಬೇಸ್ ಜಾಸ್ತಿ ಆದ್ರೆ ಗುಲಾಬಿ ಆಗೋ ಬಣ್ಣ). ಸುಮಾರು ಹೊತ್ತು ಏನೂ ಆಗಲ್ಲ, ಹನಿ ಬಿದ್ದ ಜಾಗದಲ್ಲಿ ಗುಲಾಬಿ ಬಂದು ಫ್ಲಾಸ್ಕ್ ಅಲ್ಲಾಡಿಸಿದ ತಕ್ಷಣ ಮಾಯ. ಆಮೇಲೆ ಗುಲಾಬಿ ಹೋಗೋಕೆ ಸ್ವಲ್ಪ ಸ್ವಲ್ಪ ಜಾಸ್ತಿ ಟೈಮ್ ತಗೊಳ್ಳುತ್ತೆ, ಆಗ ಬ್ಯುರೆಟ್ ತುದೀಲಿ ಅರ್ಧ ಹನಿ ನೇತಾಡೋ ಹಾಗೆ ಬಿಟ್ಟು ವಾಷ್ ಬಾಟಲ್ ನೀರಿಂದ ಅದನ್ನ ಒಳಗೆ ತೊಳೀಬೇಕು, ಆ ಅರ್ಧ ಹನಿಗೆ ಇಡೀ ಫ್ಲಾಸ್ಕ್ ತಿಳಿ ಗುಲಾಬಿ ಆಗಿ 30 ಸೆಕೆಂಡ್ ನಿಂತ್ರೆ ಎಂಡ್ ಪಾಯಿಂಟ್. ಕ್ಲಾಸಲ್ಲಿ ಬೋರ್ಡ್ ಮೇಲೆ ಬರೆಯೋ ಟೈಟ್ರೇಷನ್ ಕರ್ವ್ ಇದೆಯಲ್ಲ, ಮಧ್ಯದಲ್ಲಿ ಸಪಾಟಾಗಿ ಹೋಗಿ ಒಂದು ಕಡೆ ದಿಢೀರ್ ಅಂತ ಮೇಲೇರೋದು, ಅದು ಇದೇ. ಸಪಾಟಾಗಿರೋ ಭಾಗ ಬಫರ್ (ಬೇಸ್ ಹಾಕಿದ್ರೂ ಪಿಹೆಚ್ ಜಾಸ್ತಿ ಬದಲಾಗದ ಜಾಗ), ಅರ್ಧ ದಾರೀಲಿ ಪಿಹೆಚ್ ಎಷ್ಟಿದೆಯೋ ಅದೇ ಆಸಿಡ್ಡಿನ ಪಿಕೆಎ (ಆಸಿಡ್ ಎಷ್ಟು ಸ್ಟ್ರಾಂಗ್ ಅಂತ ಹೇಳೋ ಸಂಖ್ಯೆ, ಕಮ್ಮಿ ಇದ್ದಷ್ಟೂ ಸ್ಟ್ರಾಂಗ್), ಅಸಿಟಿಕ್ ಆಸಿಡ್ಡಿಗೆ 4.76. ಕೈಯಲ್ಲಿ ಒಂದು ಸಲ ಮಾಡಿದವರಿಗೆ ಎಕ್ಸಾಮಲ್ಲಿ ಆ ಕರ್ವ್ ಮರೆಯಲ್ಲ.

ಇದನ್ನೇ ಮೂರು ಸೆಮಿಸ್ಟರ್ ಬಿಟ್ಟು ಮಾಡಿದ ಒಬ್ಬ ಸ್ಟೂಡೆಂಟ್ ನನ್ನ ಸೆಕ್ಷನ್ನಲ್ಲಿದ್ರು. ಥಿಯರಿಯಲ್ಲಿ ಎ ತಗೊಂಡಿದ್ದವರು, ಬುದ್ಧಿಗೇನೂ ಕಮ್ಮಿ ಇರ್ಲಿಲ್ಲ, ಆದ್ರೆ ಮೊಲಾರಿಟಿ ಲೆಕ್ಕಕ್ಕೆ ಮತ್ತೆ ಹಳೇ ಪುಸ್ತಕ ತೆಗೀಬೇಕಾಯ್ತು, ಅಕ್ಕಪಕ್ಕದಲ್ಲಿದ್ದ ಫಸ್ಟ್ ಇಯರ್ ಮಕ್ಕಳು ಅದೇ ವಾರ ಅದನ್ನ ಕ್ಲಾಸಲ್ಲಿ ಕೇಳ್ಕೊಂಡು ಬಂದಿದ್ರು. ಅವರು ಲ್ಯಾಬ್ ಪಾಸಾದ್ರು, ಆದ್ರೆ ಲ್ಯಾಬಿಂದ ಥಿಯರಿಗೆ ಸಿಗಬೇಕಾಗಿದ್ದ ಉಪಯೋಗ ಸಿಗ್ಲಿಲ್ಲ.

ಜನರಲ್ ಕೆಮಿಸ್ಟ್ರಿ ಲ್ಯಾಬ್ ಬಿಡೋಕೆ ನಾನು ಒಪ್ಪೋದು ಒಂದೇ ಕಾರಣಕ್ಕೆ, ಕೆಮಿಸ್ಟ್ರಿ ಬೇಸಿಕ್ಸೇ ವೀಕ್ ಇದ್ದು ಹೈಸ್ಕೂಲಲ್ಲಿ ಸರಿಯಾಗಿ ಓದದೇ ಬಂದಿದ್ರೆ. ಆಗಲೂ ಲ್ಯಾಬ್ ಬಿಟ್ಟು ಥಿಯರಿ ತಗೊಳ್ಳೋದಕ್ಕಿಂತ ಪ್ರಿಪರೇಟರಿ ಕೆಮಿಸ್ಟ್ರಿ ಕೋರ್ಸ್ ಒಂದು ಸೆಮಿಸ್ಟರ್ ಮಾಡಿ, ಮುಂದಿನ ಸಲ ಎರಡನ್ನೂ ಜೊತೆಗೆ ತಗೊಳ್ಳೋದು ವಾಸಿ.

ಆರ್ಗ್ಯಾನಿಕ್: ಇಲ್ಲಿ ಯೋಚನೆ ಮಾಡ್ಬೇಕು

ಆರ್ಗ್ಯಾನಿಕ್ ಲ್ಯಾಬಿನ ಸಂಗತಿ ಬೇರೆ. ಮೊದಲ ಐದಾರು ವಾರ ಅಲ್ಲಿ ಕಲಿಸೋದು ಟೆಕ್ನಿಕ್, ಅಂದ್ರೆ ರೀಕ್ರಿಸ್ಟಲೈಸೇಷನ್, ಮೆಲ್ಟಿಂಗ್ ಪಾಯಿಂಟ್, ಡಿಸ್ಟಿಲೇಷನ್, ಎಕ್ಸ್‌ಟ್ರಾಕ್ಷನ್, ಟಿಎಲ್‌ಸಿ (ತೆಳು ಪ್ಲೇಟ್ ಮೇಲೆ ಮಿಶ್ರಣ ಬೇರೆ ಮಾಡಿ ನೋಡೋದು). ಇವಕ್ಕೆ ಬೇಕಾಗೋ ಥಿಯರಿ ಬಹುಪಾಲು ಜನರಲ್ ಕೆಮಿಸ್ಟ್ರಿಯದ್ದೇ, ಪೋಲಾರಿಟಿ, ಸಾಲ್ಯುಬಿಲಿಟಿ, ಬಾಯ್ಲಿಂಗ್ ಪಾಯಿಂಟ್, ಆಸಿಡ್ ಬೇಸ್. ಕ್ಲಾಸಲ್ಲಿ ಆ ಹೊತ್ತಿಗೆ ನಡೀತಿರೋದು ಕಾನ್ಫರ್ಮೇಷನ್ನು, ಸ್ಟೀರಿಯೋಕೆಮಿಸ್ಟ್ರಿ, ಅಂದ್ರೆ ಮಾಲಿಕ್ಯೂಲಿನ ಆಕಾರದ ಪಾಠ. ಅಂದ್ರೆ ಒಟ್ಟಿಗೆ ತಗೊಂಡ್ರೂ ಎರಡೂ ಬೇರೆ ಬೇರೆ ದಾರೀಲಿ ಹೋಗ್ತಿರುತ್ತೆ. ಆಮೇಲೆ ಸೆಮಿಸ್ಟರಿನ ಎರಡನೇ ಅರ್ಧದಲ್ಲಿ ಲ್ಯಾಬಲ್ಲಿ ರಿಯಾಕ್ಷನ್ ಶುರುವಾಗುತ್ತೆ, ರಿಪೋರ್ಟಲ್ಲಿ ಮೆಕ್ಯಾನಿಸಂ (ರಿಯಾಕ್ಷನ್ ಹಂತಹಂತವಾಗಿ ಹೇಗಾಗುತ್ತೆ ಅಂತ) ಬರೀರಿ, ಐಆರ್ ಓದಿ, ಎನ್‌ಎಂಆರ್ ಓದಿ ಅಂತಾರೆ (ಇವು ಮಾಲಿಕ್ಯೂಲಿನ ರಚನೆ ತಿಳಿಸೋ ಗ್ರಾಫುಗಳು, ಸ್ಪೆಕ್ಟ್ರಾ ಅಂತಾರೆ), ಎಷ್ಟೋ ಕಾಲೇಜಲ್ಲಿ ಇದರ ಥಿಯರಿ, ಅಂದ್ರೆ ಸ್ಪೆಕ್ಟ್ರೋಸ್ಕೋಪಿ, ಬರೋದೇ ಆರ್ಗ್ಯಾನಿಕ್ 1ರ ಕೊನೇಲಿ ಇಲ್ಲಾಂದ್ರೆ ಆರ್ಗ್ಯಾನಿಕ್ 2ರಲ್ಲಿ. ಆಗ ಜೊತೆಗೆ ತಗೊಂಡವರು ಕಲಿಯದೇ ಇರೋದನ್ನ ಬರೀಬೇಕಾಗುತ್ತೆ.

ಒಂದು ಸೆಮಿಸ್ಟರ್ ಆದ್ಮೇಲೆ ಬಂದವರಲ್ಲಿ ವ್ಯತ್ಯಾಸ ನನಗೆ ಕಣ್ಣಿಗೆ ಕಾಣ್ತಿತ್ತು. ಒಂದು ಎಕ್ಸ್‌ಪೆರಿಮೆಂಟ್ ಇದೆ, ಬೆಂಜೋಯಿಕ್ ಆಸಿಡ್, 2-ನ್ಯಾಫ್ಥಾಲ್, ನ್ಯಾಫ್ಥಲೀನ್ ಮೂರೂ ಸೇರಿದ ಪುಡಿ ಕೊಟ್ಟು ಬೇರೆ ಮಾಡಿ ಅಂತಾರೆ. ಈಥರಲ್ಲಿ ಕರಗಿಸಿ ಸೆಪರೇಟರಿ ಫನೆಲ್‌ಗೆ ಹಾಕಿ ಮೊದಲು ಸೋಡಿಯಂ ಬೈಕಾರ್ಬೊನೇಟ್ ನೀರು ಹುಯ್ದು ಅಲ್ಲಾಡಿಸ್ತೀರಿ, ಕಾರ್ಬನ್ ಡೈಆಕ್ಸೈಡ್ ಬಂದು ಒಳಗೆ ಪ್ರೆಷರ್ ಏರುತ್ತೆ, ಫನೆಲ್ ತಲೆಕೆಳಗೆ ಹಿಡಿದು ಸ್ಟಾಪ್‌ಕಾಕ್ ತೆಗೆದಾಗ ಬುಸ್ ಅಂತ ಗಾಳಿ ಹೋಗುತ್ತೆ. ಬೆಂಜೋಯಿಕ್ ಆಸಿಡ್ಡಿನ ಪಿಕೆಎ 4.2, ಕಾರ್ಬೋನಿಕ್ ಆಸಿಡ್ಡಿಂದು 6.4 ಹತ್ರ, ಹಾಗಾಗಿ ಬೈಕಾರ್ಬೊನೇಟ್ ಅದರ ಪ್ರೋಟಾನ್ ಕಿತ್ಕೊಳ್ಳುತ್ತೆ, ಅದು ಉಪ್ಪಾಗಿ ಕೆಳಗಿನ ನೀರಿನ ಲೇಯರಿಗೆ ಇಳಿಯುತ್ತೆ. ನ್ಯಾಫ್ಥಾಲಿನ ಪಿಕೆಎ 9.5, ಅದಕ್ಕೆ ಬೈಕಾರ್ಬೊನೇಟ್ ಸಾಲಲ್ಲ, ಸೋಡಿಯಂ ಹೈಡ್ರಾಕ್ಸೈಡ್ ಬೇಕು. ನ್ಯಾಫ್ಥಲೀನ್ ಯಾವುದಕ್ಕೂ ಬಗ್ಗಲ್ಲ, ಈಥರಲ್ಲೇ ಉಳಿಯುತ್ತೆ. ಆಮೇಲೆ ಆ ಮೊದಲನೇ ನೀರಿನ ಲೇಯರಿಗೆ ಹೈಡ್ರೋಕ್ಲೋರಿಕ್ ಆಸಿಡ್ ಹನಿ ಹನಿ ಹಾಕ್ತಾ ಬಂದ್ರೆ ತಿಳಿ ನೀರಲ್ಲಿ ಬೆಳ್ಳಗೆ ಬೆಂಜೋಯಿಕ್ ಆಸಿಡ್ ಮೊಸರು ಒಡೆದ ಹಾಗೆ ಬೀಳುತ್ತೆ, ನೋಡೋಕೆ ತುಂಬಾ ಚೆನ್ನಾಗಿರುತ್ತೆ. ಥಿಯರಿ ಮುಗಿಸಿ ಬಂದವರು ಪಿಕೆಎ ನೋಡಿ ಯಾವುದು ಯಾವ ಲೇಯರಲ್ಲಿದೆ ಅಂತ ಬೀಕರಿಗೆ ಲೇಬಲ್ ಅಂಟಿಸ್ತಾ ಹೋಗ್ತಿದ್ರು. ಅರ್ಥ ಆಗದವರು ಮ್ಯಾನ್ಯುಯಲ್ಲಿನ 7ನೇ ಸ್ಟೆಪ್ಪು 8ನೇ ಸ್ಟೆಪ್ಪು ಅಂತ ಮಾಡ್ತಾ ಇದ್ದು ಯಾವುದೋ ಒಂದು ಲೇಯರನ್ನ ವೇಸ್ಟ್ ಬಾಟಲಿಗೆ ಸುರಿದುಬಿಡ್ತಿದ್ರು, ಬೇಕಾಗಿದ್ದ ಪ್ರಾಡಕ್ಟ್ ಅದರಲ್ಲೇ ಇರ್ತಿತ್ತು. ನನ್ನ ಸೆಕ್ಷನ್ನಲ್ಲಿ ಇದು ಆಗದ ಸೆಮಿಸ್ಟರೇ ಇಲ್ಲ, ಹಾಗಾಗಿ ಕೊನೆಗೆ ಮೆಲ್ಟಿಂಗ್ ಪಾಯಿಂಟ್ ನೋಡೋವರೆಗೂ ಏನನ್ನೂ ಚೆಲ್ಲಬೇಡಿ ಅಂತ ಬೋರ್ಡ್ ಮೇಲೆ ಬರೆದಿಡ್ತಿದ್ದೆ.

ಹಾಗಂತ ಒಟ್ಟಿಗೆ ತಗೊಳ್ಳೋದು ತಪ್ಪು ಅಂತಲ್ಲ. ಆರ್ಗ್ಯಾನಿಕ್ ಥಿಯರಿ ಬರೀ ಕಡ್ಡಿ ಕಡ್ಡಿ ಚಿತ್ರ, ಲ್ಯಾಬಲ್ಲಿ ಅದೇ ಚಿತ್ರ ವಾಸನೆ ಬರೋ, ಫ್ಲಾಸ್ಕ್ ಗೋಡೆಗೆ ಅಂಟೋ ವಸ್ತು ಆಗುತ್ತೆ, ಕೆಲವರಿಗೆ ಹಾಗೆ ಕೈಗೆ ಸಿಕ್ಕಿದ್ರೇನೇ ತಲೆಗೆ ಹತ್ತೋದು. ಆ ಸೆಮಿಸ್ಟರಲ್ಲಿ ಬೇರೆ ಲ್ಯಾಬ್ ಇಲ್ಲ, ಜೊತೆಗಿರೋ ಕೋರ್ಸುಗಳು ಹಗುರ ಇದಾವೆ ಅಂದ್ರೆ ಒಟ್ಟಿಗೇ ತಗೊಳ್ಳಿ. ಫಿಸಿಕ್ಸ್ ಲ್ಯಾಬೋ ಬಯಾಲಜಿ ಲ್ಯಾಬೋ ಆಗ್ಲೇ ಇದೆ, ಪಾರ್ಟ್‌ಟೈಮ್ ಕೆಲಸಾನೂ ಇದೆ ಅಂದ್ರೆ ಫಾಲ್‌ನಲ್ಲಿ ಆರ್ಗ್ಯಾನಿಕ್ 1 ಥಿಯರಿ ಮಾತ್ರ ಮಾಡಿ, ಸ್ಪ್ರಿಂಗಲ್ಲಿ ಆರ್ಗ್ಯಾನಿಕ್ 2 ಥಿಯರಿ ಜೊತೆ ಲ್ಯಾಬ್ 1. ಈ ಜೋಡಿ ನನಗೆ ಎಲ್ಲಕ್ಕಿಂತ ಇಷ್ಟ, ಯಾಕಂದ್ರೆ ಲ್ಯಾಬ್ 1ರಲ್ಲಿ ಮಾಡೋ ರಿಯಾಕ್ಷನ್ ಎಲ್ಲ ಆಗ್ಲೇ ಓದಿರ್ತೀರಿ, ಜೊತೆಗೆ ಸ್ಪೆಕ್ಟ್ರಾ ಕ್ಲಾಸಲ್ಲಿ ಆಗಿರುತ್ತೆ ಇಲ್ಲ ಆಗ ನಡೀತಿರುತ್ತೆ. ಇದರಲ್ಲಿ ತೊಂದರೆ ಅಂದ್ರೆ ಲ್ಯಾಬ್ 2 ಉಳ್ಕೊಳ್ಳುತ್ತೆ, ಅದನ್ನ ಸಮ್ಮರಲ್ಲೋ ಮೂರನೇ ವರ್ಷದ ಫಾಲ್‌ನಲ್ಲೋ ಮುಗಿಸ್ಲೇಬೇಕು. ಕೆಲವು ಕಾಲೇಜಲ್ಲಿ ಆರ್ಗ್ಯಾನಿಕ್ಕಿಗೆಲ್ಲ ಸೇರಿ 2 ಕ್ರೆಡಿಟಿನ ಒಂದೇ ಲ್ಯಾಬ್ ಇರುತ್ತೆ, ಅಂಥ ಕಡೆ ಓದ್ತಿದ್ರೆ ಆರ್ಗ್ಯಾನಿಕ್ 2 ಜೊತೆ ಅದನ್ನ ತಗೊಂಡ್ರೆ ಮುಗೀತು.

ಥಿಯರಿ 1, 2 ಎರಡನ್ನೂ ಮುಗಿಸಿ ಲ್ಯಾಬ್ ಎಲ್ಲ ಕೊನೇ ವರ್ಷಕ್ಕೆ ಇಟ್ಕೊಳ್ಳೋ ಪ್ಲಾನ್ ಬೇಡ. ಲ್ಯಾಬ್ ಸೀಟು ಲಿಮಿಟೆಡ್, ಒಂದು ಸೆಕ್ಷನ್ನಿಗೆ ಇಪ್ಪತ್ತರ ಆಸುಪಾಸು ಜನ ಅಷ್ಟೇ, ಕೊನೇ ಸೆಮಿಸ್ಟರಲ್ಲಿ ಸೀಟ್ ಸಿಗ್ಲಿಲ್ಲ ಅಂದ್ರೆ 1 ಕ್ರೆಡಿಟ್ ಲ್ಯಾಬಿಗೋಸ್ಕರ ಡಿಗ್ರಿ ನಿಲ್ಲುತ್ತೆ.

ಸಮ್ಮರ್ ಹೇಗೆ?

15 ವಾರದ್ದನ್ನ 6 ವಾರಕ್ಕೆ ಒತ್ತಿದ್ರೆ ಸಮ್ಮರಿನ ಒಂದು ವಾರ ಅಂದ್ರೆ ಮಾಮೂಲಿ ಸೆಮಿಸ್ಟರಿನ ಎರಡೂವರೆ ವಾರ. ಥಿಯರಿ ಲ್ಯಾಬ್ ಎರಡನ್ನೂ ಸಮ್ಮರಲ್ಲಿ ತಗೊಂಡ್ರೆ ಬೆಳಗ್ಗೆ ಕ್ಲಾಸು ಮಧ್ಯಾಹ್ನ ಲ್ಯಾಬು ರಾತ್ರಿ ರಿಪೋರ್ಟು, ಒಂದು ದಿನ ಜ್ವರ ಬಂದ್ರೂ ಹಿಂದೆ ಬೀಳ್ತೀರಿ, ಆರ್ಗ್ಯಾನಿಕ್ ತಲೇಲಿ ಕೂತ್ಕೊಳ್ಳೋಕೆ ಬೇಕಾದ ದಿನಗಳೇ ಅಲ್ಲಿ ಇರಲ್ಲ. ಆದ್ರೆ ಥಿಯರಿ ಮುಗಿದಿದ್ದು ಸಮ್ಮರಲ್ಲಿ ಲ್ಯಾಬ್ ಒಂದೇ ಮಾಡೋದು ಬಹಳ ಒಳ್ಳೇ ಆಯ್ಕೆ. ವಾರಕ್ಕೆ ಎರಡು ಮೂರು ದಿನ ಲ್ಯಾಬ್ ಇರೋದ್ರಿಂದ ಕೈ ಪಳಗುತ್ತೆ, ಸೋಮವಾರ ಮಾಡಿದ ಡಿಸ್ಟಿಲೇಷನ್ ಸೆಟಪ್ಪು ಬುಧವಾರ ಮರೆತಿರಲ್ಲ, ತಲೆಗೆ ಬೇರೆ ಎಕ್ಸಾಮ್ ಇಲ್ಲ. ಹಣ ಮಾತ್ರ ಮೊದಲೇ ವಿಚಾರಿಸ್ಕೊಳ್ಳಿ, ಸಮ್ಮರಿಗೆ ಕ್ರೆಡಿಟ್ ಲೆಕ್ಕದಲ್ಲಿ ಬೇರೆ ಟ್ಯೂಷನ್ ಫೀ (ಕಾಲೇಜ್ ಫೀ) ಕಟ್ಟಿಸ್ಕೊಳ್ಳೋ ಕಡೆ ಸ್ಕಾಲರ್‌ಶಿಪ್ ಅದಕ್ಕೆ ಬರದೇ ಇರಬಹುದು.

ಎಫ್-1 (ಸ್ಟೂಡೆಂಟ್) ವೀಸಾದಲ್ಲಿರೋರಿಗೆ ಒಂದು ಮಾತು, ಇದು ಲ್ಯಾಬ್ ಪ್ಲಾನಿಗೆ ನೇರವಾಗಿ ಸಂಬಂಧಪಟ್ಟಿದ್ದು. ಅಂಡರ್‌ಗ್ರಾಡ್‌ಗೆ ಫಾಲ್, ಸ್ಪ್ರಿಂಗಲ್ಲಿ ಕನಿಷ್ಠ 12 ಕ್ರೆಡಿಟ್ ಇರ್ಲೇಬೇಕು. ಸರಿಯಾಗಿ 12ಕ್ಕೆ ರಿಜಿಸ್ಟರ್ ಆಗಿ ಅದರಲ್ಲಿ 1 ಕ್ರೆಡಿಟ್ ಲ್ಯಾಬ್ ಇದ್ರೆ, ಕಷ್ಟ ಆಯ್ತು ಅಂತ ಮಧ್ಯದಲ್ಲಿ ಲ್ಯಾಬ್ ಡ್ರಾಪ್ ಮಾಡಿದ ತಕ್ಷಣ 11ಕ್ಕೆ ಇಳೀತೀರಿ, ಸ್ಟೇಟಸ್ಸಿಗೇ ತೊಂದರೆ. ಡ್ರಾಪ್ ಬಟನ್ ಒತ್ತೋಕೆ ಮುಂಚೆ ಇಂಟರ್‌ನ್ಯಾಷನಲ್ ಆಫೀಸಲ್ಲಿ ಡಿಎಸ್‌ಒ (ವೀಸಾ ಸ್ಟೂಡೆಂಟ್‌ಗಳನ್ನ ನೋಡ್ಕೊಳ್ಳೋ ಅಧಿಕಾರಿ) ಹತ್ರ ಹೋಗಿ ಮಾತಾಡಿ. ಇನ್ನೊಂದು, ಫುಲ್‌ಟೈಮ್ ಲೆಕ್ಕಕ್ಕೆ ಒಂದು ಟರ್ಮಿಗೆ ಒಂದೇ ಆನ್‌ಲೈನ್ ಕ್ಲಾಸ್ ಅಂದ್ರೆ 3 ಕ್ರೆಡಿಟ್‌ವರೆಗೆ ಮಾತ್ರ ಸೇರುತ್ತೆ, ಹಾಗಾಗಿ ಥಿಯರಿ ಆನ್‌ಲೈನು ಇನ್ನೊಂದು ಕೋರ್ಸೂ ಆನ್‌ಲೈನು ಅಂತ ಹಾಕ್ಕೊಂಡು ಲ್ಯಾಬಿಗೆ ಮಾತ್ರ ಕ್ಯಾಂಪಸ್ಸಿಗೆ ಬರೋ ಪ್ಲಾನ್ ನಡೆಯಲ್ಲ. ಲ್ಯಾಬ್ ಡ್ರಾಪ್ ಮಾಡಿದ್ರೂ 12ರ ಮೇಲೇ ಇರೋ ಹಾಗೆ 14-15 ಕ್ರೆಡಿಟ್ ಇಟ್ಕೊಳ್ಳೋದು ಸೇಫ್.

ಯಾರಿಗೆ ಯಾವುದು

ಪ್ರೀಮೆಡ್ ಇದ್ರೆ, ಅಂದ್ರೆ ಮುಂದೆ ಮೆಡಿಕಲ್ ಸ್ಕೂಲಿಗೆ ಹೋಗೋರಾದ್ರೆ, ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕಿ. ಎಂಕ್ಯಾಟ್ (ಮೆಡಿಕಲ್ ಸ್ಕೂಲಿನ ಎಂಟ್ರೆನ್ಸ್) ಮೂರನೇ ವರ್ಷದ ಕೊನೇಲಿ ಬರೀಬೇಕು ಅಂದ್ರೆ ಅದಕ್ಕೆ ಮುಂಚೆ ಬಯೋಕೆಮಿಸ್ಟ್ರಿ ಆಗಿರ್ಬೇಕು, 2015ರಿಂದ ಬಂದ ಎಕ್ಸಾಮಲ್ಲಿ ಅದರ ತೂಕ ಜಾಸ್ತಿ. ಬಯೋಕೆಮಿಸ್ಟ್ರಿಗೆ ಮುಂಚೆ ಸಾಮಾನ್ಯವಾಗಿ ಆರ್ಗ್ಯಾನಿಕ್ 2, ಅದಕ್ಕೆ ಮುಂಚೆ ಜನರಲ್ ಎರಡೂ. ಈ ಸರಪಳಿ ಥಿಯರಿದು, ಹಾಗಾಗಿ ಥಿಯರಿ ತಡ ಮಾಡಬೇಡಿ, ತಡ ಮಾಡೋ ಹಾಗಿದ್ರೆ ಆರ್ಗ್ಯಾನಿಕ್ ಲ್ಯಾಬನ್ನ ತಡ ಮಾಡಿ. ಆದ್ರೆ ಎಂಕ್ಯಾಟಲ್ಲಿ ಎಕ್ಸ್‌ಟ್ರಾಕ್ಷನ್, ಡಿಸ್ಟಿಲೇಷನ್, ಕ್ರೊಮ್ಯಾಟೋಗ್ರಫಿ, ಐಆರ್, ಎನ್‌ಎಂಆರ್ ಸಿಲಬಸ್ಸಲ್ಲೇ ಇವೆ, ಅದಕ್ಕೆ ಎಕ್ಸಾಮಿಗೆ ಮುಂಚೆ ಕಡೇಪಕ್ಷ ಆರ್ಗ್ಯಾನಿಕ್ ಲ್ಯಾಬ್ 1 ಆಗಿರ್ಲಿ. ಮೆಡಿಕಲ್ ಸ್ಕೂಲುಗಳಲ್ಲಿ ಬಹಳಷ್ಟು ಕಡೆ ಜನರಲ್ ಒಂದು ವರ್ಷ ಲ್ಯಾಬ್ ಸಮೇತ ಕೇಳ್ತಾರೆ, ಆರ್ಗ್ಯಾನಿಕ್ ಕೆಲವು ಕಡೆ ಒಂದು ವರ್ಷ ಕೆಲವು ಕಡೆ ಒಂದೇ ಸೆಮಿಸ್ಟರ್. ಆನ್‌ಲೈನ್ ಲ್ಯಾಬ್, ಎಪಿ ಕ್ರೆಡಿಟ್ (ಹೈಸ್ಕೂಲಲ್ಲೇ ಬರೆಯೋ ಕಾಲೇಜ್ ಮಟ್ಟದ ಎಕ್ಸಾಮಿಂದ ಸಿಗೋ ಕ್ರೆಡಿಟ್) ಎರಡನ್ನೂ ಒಂದೊಂದು ಸ್ಕೂಲ್ ಒಂದೊಂದು ಥರ ನೋಡುತ್ತೆ, ನೀವು ಅಪ್ಲೈ ಮಾಡೋ ಲಿಸ್ಟ್ ಮುಂದಿಟ್ಕೊಂಡು ಒಂದೊಂದರ ಪೇಜೂ ಓದಿ.

ಎಪಿ ಕೆಮಿಸ್ಟ್ರಿಯಲ್ಲಿ 5 ಬಂದಿದೆ ಅಂತ ಜನರಲ್ 1 ಬಿಡೋರು ಇನ್ನೊಂದು ವಿಚಾರಿಸಿ, ಆ ಕ್ರೆಡಿಟ್ ಥಿಯರಿಗೆ ಮಾತ್ರನಾ ಲ್ಯಾಬಿಗೂ ಸೇರುತ್ತಾ ಅಂತ. ಕಮ್ಯುನಿಟಿ ಕಾಲೇಜಿಂದ ಟ್ರಾನ್ಸ್‌ಫರ್ ಆಗೋರಂತೂ ಥಿಯರಿ ಲ್ಯಾಬ್ ಜೋಡೀನ ಅರ್ಧ ಅಲ್ಲಿ ಅರ್ಧ ಇಲ್ಲಿ ಅಂತ ಮಾಡಬೇಡಿ, ಅಲ್ಲಿ ಎರಡೂ ಸೇರಿ ಒಂದೇ ಕೋರ್ಸಾಗಿದ್ದು ಇಲ್ಲಿ ಬೇರೆಬೇರೆ ಆಗಿದ್ರೆ ಮ್ಯಾಚ್ ಮಾಡಿಸೋಕೆ ಓಡಾಡೋದೇ ಕೆಲಸ ಆಗುತ್ತೆ. ಕೆಮಿಸ್ಟ್ರಿ ಮೇಜರ್ ಆಗಿದ್ರೆ ಲ್ಯಾಬ್ ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು, ರಿಸರ್ಚ್ ಗ್ರೂಪ್ ಸೇರೋಕೆ ಹೋದಾಗ ಪ್ರೊಫೆಸರ್ ಮೊದಲು ಕೇಳೋದೇ ಕಾಲಂ ಹಾಕಿದೀರಾ (ಗಾಜಿನ ಕೊಳವೇಲಿ ಮಿಶ್ರಣ ಬೇರೆ ಮಾಡೋದು), ರಿಫ್ಲಕ್ಸ್ ಮಾಡಿದೀರಾ (ಆವಿ ಹೊರಗೆ ಹೋಗದ ಹಾಗೆ ಕುದಿಸೋದು) ಅಂತ. ಇಂಜಿನಿಯರಿಂಗ್ ಆಗಿದ್ದು ಜನರಲ್ 1 ಮಾತ್ರ ಬೇಕಿದ್ರೆ ಯೋಚನೆನೇ ಬೇಡ, ಮೊದಲನೇ ಫಾಲ್‌ನಲ್ಲಿ ಎರಡೂ ಮುಗಿಸಿ.

ಸೆಕ್ಷನ್ ಆರಿಸೋವಾಗ ವಾರದ ದಿನ ನೋಡಿ. ಸೋಮವಾರದ ಲ್ಯಾಬ್ ಆದ್ರೆ ಆ ವಾರದ ಟಾಪಿಕ್ ಕ್ಲಾಸಲ್ಲಿ ಬರೋಕೆ ಮುಂಚೆನೇ ಲ್ಯಾಬಲ್ಲಿ ಬಂದಿರುತ್ತೆ, ಗುರುವಾರ ಶುಕ್ರವಾರ ಆದ್ರೆ ಕೇಳ್ಕೊಂಡು ಹೋಗಿರ್ತೀರಿ, ನನ್ನ ಓಟು ಗುರುವಾರಕ್ಕೆ. ಸಂಜೆ ಲ್ಯಾಬ್ ಆದ್ರೆ ಥಿಯರಿ ಮಿಡ್‌ಟರ್ಮ್ ಅದೇ ಸಂಜೆ ಬಿದ್ದಿದೆಯಾ ನೋಡ್ಕೊಳ್ಳಿ, ಬಹಳ ಕಡೆ ಲ್ಯಾಬ್ ತಪ್ಪಿದ್ರೆ ಮೇಕಪ್, ಅಂದ್ರೆ ಇನ್ನೊಂದು ದಿನ ಮಾಡೋ ಅವಕಾಶ ಕೊಡಲ್ಲ.

ನಿಮಗೆ ಬೇಕಾದ ಸೆಕ್ಷನ್ ಫುಲ್ ಆಗಿ ವೇಟ್‌ಲಿಸ್ಟಲ್ಲಿದ್ರೆ, ಲ್ಯಾಬನ್ನ ಮುಂದಿನ ವರ್ಷಕ್ಕೆ ತಳ್ಳೋಕೆ ಮುಂಚೆ ಕೋಆರ್ಡಿನೇಟರಿಗೆ ಒಂದು ಮೇಲ್ ಹಾಕಿ ಮೊದಲನೇ ಚೆಕ್-ಇನ್ ದಿನ ಗಾಗಲ್ಸ್ ಹಿಡ್ಕೊಂಡು ಪೂರ್ತಿ ಶೂ ಉದ್ದ ಪ್ಯಾಂಟ್ ಹಾಕ್ಕೊಂಡು ಬಾಗಿಲ ಹತ್ರ ಹೋಗಿ ನಿಲ್ಲಿ. ನಮ್ಮ ಕಡೆ ಸೇಫ್ಟಿ ಸೆಷನ್ನಿಗೆ ಬರದವರ ಹೆಸರನ್ನ ಅವತ್ತೇ ತೆಗೆದುಹಾಕ್ತಿದ್ವಿ, ಹಾಗೆ ಖಾಲಿಯಾದ ಡ್ರಾಯರ್ ಕೀಯನ್ನ ಬಾಗಿಲಲ್ಲಿ ಕಾಯ್ತಿದ್ದವರ ಕೈಗೆ ನಾನೇ ಎಷ್ಟೋ ಸಲ ಕೊಟ್ಟಿದೀನಿ.